ಚಂಡೀಗಢದ ಗಾರ್ಡನ್‌ಗಳು, ಬಳೆ ಚೂರಿನ ಬೊಂಬೆಗಳು: ಹೋಗುವವರಿಗೆ ಒಂದಿಷ್ಟು ಮಾತು

ಚಂಡೀಗಢದಲ್ಲಿ ರೂಮ್ ಬುಕ್ ಮಾಡುವ ಮೊದಲು ಹೋಟೆಲ್ ವಿಳಾಸದ ಪಿನ್‌ಕೋಡ್ ನೋಡಿ. 140603 ಅಂತ ಇದ್ದರೆ ಅದು ಪಂಜಾಬಿನ ಝೀರಕ್‌ಪುರ. 134ರಿಂದ ಶುರುವಾದರೆ ಹರಿಯಾಣದ ಪಂಚಕುಲ. ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ ನಿಜ. ಆದರೆ ಗಾರ್ಡನ್ ನೋಡಲು ಬಂದವರಿಗೆ ಆ ಅಂಟಿಕೊಂಡ ಊರಿನಿಂದ ದಿನಾ ಓಡಾಡುವುದು ದೊಡ್ಡ ತಲೆನೋವು.

ನಾನು ಅಮ್ಮನ ಜೊತೆ ಫೆಬ್ರವರಿಯಲ್ಲಿ ಹೋಗಿದ್ದೆ. ಬುಕ್ ಮಾಡಿದ ರೂಮಿನ ವಿವರದಲ್ಲಿ 'ಚಂಡೀಗಢ, ರಾಕ್ ಗಾರ್ಡನ್‌ಗೆ ಹತ್ತು ನಿಮಿಷ' ಅಂತ ಬರೆದಿದ್ದರು. ರಾಕ್ ಗಾರ್ಡನ್ ಅಂದರೆ ಕಲ್ಲು, ಒಡೆದ ಸಾಮಾನುಗಳಿಂದ ಮಾಡಿದ ಬೊಂಬೆಗಳ ತೋಟ. ರೈಲ್ವೆ ಸ್ಟೇಷನ್‌ನಿಂದ ಆಟೋ ಹತ್ತಿದರೆ ಅದು ಊರ ಕಡೆ ತಿರುಗದೆ ಅಂಬಾಲಾ ಹೈವೇ ಕಡೆ ಹೋಯಿತು. ಹೋಟೆಲ್ ಇದ್ದದ್ದು ಝೀರಕ್‌ಪುರದಲ್ಲಿ, ಫ್ಲೈಓವರ್ ಪಕ್ಕದಲ್ಲಿ. ಮಾರನೆಯ ದಿನ ಬೆಳಿಗ್ಗೆ ಅಲ್ಲಿಂದ ರಾಕ್ ಗಾರ್ಡನ್ ಮುಟ್ಟಲು ಮುಕ್ಕಾಲು ಗಂಟೆಯ ಮೇಲೆ ಹಿಡಿಯಿತು. ಅದಕ್ಕಿಂತ ಕಷ್ಟವಾದದ್ದು ರಾತ್ರಿ. ಝೀರಕ್‌ಪುರದ ತುಂಬಾ ಮದುವೆ ಛತ್ರಗಳು. ಅಲ್ಲಿನವರು ಪ್ಯಾಲೇಸ್ ಅನ್ನುತ್ತಾರೆ. ಚಳಿಗಾಲ ಅಲ್ಲಿ ಮದುವೆ ಸೀಸನ್. ಒಂದು ಕಡೆ ಬ್ಯಾಂಡ್, ಇನ್ನೊಂದು ಕಡೆ ಡೋಲು, ನಡುವೆ ಪಟಾಕಿ. ಕಿಟಕಿಯ ಗಾಜು ಅದುರುತ್ತಿತ್ತು. ಅಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದರು. ಕೆಳಗೆ ಹೋಗಿ ಕೇಳಿದರೆ, "ಸೀಸನ್ ಅಲ್ವಾ ಸಾರ್" ಅಂದರು. ಆ ರೂಮಿಗೆ 3,200 ರೂಪಾಯಿ. ಉಳಿದ ದಿನಗಳ ದುಡ್ಡು ವಾಪಸ್ ಕೊಡಲಿಲ್ಲ.

ಆಮೇಲೆ ಚಂಡೀಗಢದ ಒಳಗೇ ಸೆಕ್ಟರ್ 22ರಲ್ಲಿ 1,800 ರೂಪಾಯಿಗೆ ರೂಮ್ ಸಿಕ್ಕಿತು. ಸೆಕ್ಟರ್ ಅಂದರೆ ಅಲ್ಲಿ ನಂಬರ್ ಕೊಟ್ಟ ಬಡಾವಣೆ. ಚಿಕ್ಕದು, ಆದರೆ ಶುಚಿಯಾಗಿತ್ತು. ರಸ್ತೆ ದಾಟಿದರೆ ಸೆಕ್ಟರ್ 17ರ ಬಸ್ ಸ್ಟ್ಯಾಂಡ್. ರೋಸ್ ಗಾರ್ಡನ್‌ಗೆ ನಡೆದೇ ಹೋಗಬಹುದು. ನೀವು ಸೆಕ್ಟರ್ 22, 17 ಅಥವಾ 35ರಲ್ಲೇ ಹುಡುಕಿ. ಸ್ವಲ್ಪ ಹಳೆಯ ಹೋಟೆಲ್ ಆದರೂ ಪರವಾಗಿಲ್ಲ.

ಈಗ ರಾಕ್ ಗಾರ್ಡನ್. ಇಲ್ಲಿಗೆ ವಾರದ ದಿನ ಹೋಗಿ. ಬೆಳಿಗ್ಗೆ ಒಂಬತ್ತಕ್ಕೆ ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಒಳಗಿನ ದಾರಿ ಬಹಳ ಕಡೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟೇ ಅಗಲ. ಬಾಗಿಲುಗಳು ಗಿಡ್ಡ, ತಲೆ ಬಗ್ಗಿಸಿಯೇ ದಾಟಬೇಕು. ಹಿಂದಿನಿಂದ ಶಾಲೆ ಮಕ್ಕಳ ಗುಂಪು ಬಂದರೆ ನಿಂತು ನೋಡುವ ಹಾಗಿಲ್ಲ, ತಳ್ಳಿಕೊಂಡು ಮುಂದೆ ಹೋಗುವುದೇ ಆಗುತ್ತದೆ. ನನಗೆ ಜನಜಂಗುಳಿ ಅಂದರೆ ಆಗುವುದಿಲ್ಲ. ಭಾನುವಾರ ಇನ್ನೊಮ್ಮೆ ಒಳಗೆ ಹೋಗಿ ಅರ್ಧಕ್ಕೇ ಹೊರಗೆ ಬಂದೆ. ಬೆಳಗಿನ ಹೊತ್ತು ಹೋದಾಗ ಮಾತ್ರ ಒಂದೊಂದು ಅಂಗಳದಲ್ಲೂ ನಾವಿಬ್ಬರೇ ಇದ್ದೆವು.

ಇದನ್ನು ಕಟ್ಟಿದವರ ಕಥೆ ಗೊತ್ತಿದ್ದು ಹೋದರೆ ನೋಡುವ ಕಣ್ಣೇ ಬೇರೆ ಆಗುತ್ತದೆ. ನೇಕ್ ಚಂದ್ ಅಂತ ಒಬ್ಬರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರ್ ಆಗಿದ್ದರು. ದೇಶ ವಿಭಜನೆ ಆದಾಗ ಈಗಿನ ಪಾಕಿಸ್ತಾನದಲ್ಲಿರುವ ತಮ್ಮ ಹಳ್ಳಿ ಬಿಟ್ಟು ಈ ಕಡೆ ಬಂದವರು. ಹೊಸ ಚಂಡೀಗಢ ಕಟ್ಟಲು ಇಲ್ಲಿದ್ದ ಹಳ್ಳಿಗಳನ್ನು ಕೆಡವುತ್ತಿದ್ದರು. ಒಡೆದ ಮಡಕೆ, ಟೈಲ್ಸ್, ಬಳೆ, ಸ್ವಿಚ್ಚು, ವಾಷ್ ಬೇಸಿನ್ ಎಲ್ಲ ರಾಶಿ ಬಿದ್ದಿರುತ್ತಿತ್ತು. ನೇಕ್ ಚಂದ್ ಕೆಲಸ ಮುಗಿಸಿ, ಅದನ್ನು ಸೈಕಲ್ ಮೇಲೆ ಹೇರಿಕೊಂಡು ಊರಾಚೆಯ ಕಾಡಿಗೆ ಒಯ್ಯುತ್ತಿದ್ದರು. ಶಿವಾಲಿಕ್ ಬೆಟ್ಟದ ಹಳ್ಳಗಳಿಂದ ವಿಚಿತ್ರ ಆಕಾರದ ಕಲ್ಲುಗಳನ್ನೂ ತರುತ್ತಿದ್ದರು. 1957ರ ಸುಮಾರಿಗೆ ಶುರು ಮಾಡಿದ್ದು. ಅದು ಸರ್ಕಾರಿ ಕಾಡು, ಅಲ್ಲಿ ಏನನ್ನೂ ಕಟ್ಟುವ ಹಾಗಿರಲಿಲ್ಲ. ಆದ್ದರಿಂದ ಯಾರಿಗೂ ಹೇಳದೆ ರಾತ್ರಿ ಹೊತ್ತು ಕೆಲಸ. ಹೀಗೆ ಹದಿನೆಂಟು ವರ್ಷ! ಅಧಿಕಾರಿಗಳ ಕಣ್ಣಿಗೆ ಬೀಳುವಷ್ಟರಲ್ಲಿ ಅಲ್ಲಿ ಬೊಂಬೆಗಳ ಒಂದು ಊರೇ ಎದ್ದಿತ್ತು. ಕೆಡವಿ ಹಾಕಬಹುದಿತ್ತು. ಕೆಡವಲಿಲ್ಲ. 1976ರಲ್ಲಿ ಜನರಿಗೆ ತೆರೆದರು. ಅವರಿಗೆ ಅದೇ ಕೆಲಸಕ್ಕೆ ಸಂಬಳ ಕೊಟ್ಟು, ಸಹಾಯಕ್ಕೆ ಕೂಲಿಯಾಳುಗಳನ್ನೂ ಕೊಟ್ಟರು. 1984ರಲ್ಲಿ ಪದ್ಮಶ್ರೀ ಬಂತು. 2015ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೆಚ್ಚಿನವರು ಜಲಪಾತದ ಮುಂದೆ ಫೋಟೋ ತೆಗೆಸಿಕೊಂಡು, ದೊಡ್ಡ ಕಮಾನುಗಳಲ್ಲಿ ಕಟ್ಟಿರುವ ಉಯ್ಯಾಲೆಯಲ್ಲಿ ಕೂತು ಹೊರಟುಬಿಡುತ್ತಾರೆ. ನೀವು ಬೊಂಬೆಗಳ ಸಾಲುಗಳ ಮುಂದೆ ಹೊತ್ತು ಕಳೆಯಿರಿ. ಬೊಂಬೆಗಳ ಒಳಗಿನ ಎಲುಬು ಹಳೆಯ ಸೈಕಲ್ಲಿನ ಭಾಗಗಳು. ಮೇಲೆ ಸಿಮೆಂಟು. ಅದರ ಮೇಲೆ ಚರ್ಮದ ಹಾಗೆ ಒಡೆದ ಪಿಂಗಾಣಿ, ಬಳೆ ಚೂರು. ನೀರು ಹೊತ್ತ ಹೆಂಗಸರು, ಸೈನಿಕರು, ಕೋತಿಗಳು, ನವಿಲುಗಳು ಎಲ್ಲ ಸಾಲು ಸಾಲಾಗಿ ನಿಂತಿವೆ. ಹಸಿರು ಬಳೆ, ಕೆಂಪು ಬಳೆ ಚೂರುಗಳಿಂದ ಮಾಡಿದ ಸೀರೆ ಉಟ್ಟ ಹೆಂಗಸರ ಸಾಲಿನ ಮುಂದೆ ಅಮ್ಮ ನಿಂತೇಬಿಟ್ಟರು. "ಎಷ್ಟು ಹೆಣ್ಣುಮಕ್ಕಳ ಕೈಯಲ್ಲಿದ್ದ ಬಳೆಯೋ ಇವೆಲ್ಲ" ಅಂದರು. ನನಗೆ ಇಡೀ ಪ್ರವಾಸದಲ್ಲಿ ಮನಸ್ಸಿಗೆ ತಟ್ಟಿದ್ದು ಆ ಸಾಲು. ಮುಖಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ.

ಗೋಡೆಗಳನ್ನೂ ನೋಡಿ. ಕೆಲವು ಕಡೆ ಡಾಂಬರು ಡ್ರಮ್ಮುಗಳ ಆಕಾರ ಹಾಗೇ ಕಾಣುತ್ತದೆ. ಕರೆಂಟ್ ಕಂಬದ ಪಿಂಗಾಣಿ ಬಿಲ್ಲೆಗಳನ್ನು ಜೋಡಿಸಿದ ಗೋಡೆಯೂ ಇದೆ. 2025ರಲ್ಲಿ ರಸ್ತೆ ಅಗಲ ಮಾಡುವುದಕ್ಕೆ ಹೊರಗಿನ ಗೋಡೆಯ ಒಂದು ಭಾಗವನ್ನು ಕೆಡವಿದರು. ಹಿಂದೊಮ್ಮೆ ಬುಲ್ಡೋಜರ್ ಬಂದಾಗ ಊರಿನ ಜನ ಅಡ್ಡ ನಿಂತು ತಡೆದಿದ್ದರು. ಈ ಸಲ ಉಳಿಯಲಿಲ್ಲ. ಒಬ್ಬ ಮನುಷ್ಯ ಸೈಕಲ್ಲಿನಲ್ಲಿ ಹೊತ್ತು ಕಟ್ಟಿದ್ದನ್ನು ಕಾರುಗಳಿಗೆ ಜಾಗ ಬೇಕು ಅಂತ ಕೆಡವುವುದು ನನಗೆ ಬಹಳ ಬೇಜಾರು ತಂದಿತು. ಹೋಗುವ ಆಸೆ ಇದ್ದರೆ ಮುಂದೂಡಬೇಡಿ.

ಮಂಡಿ ನೋವು ಇರುವವರಿಗೆ ಒಂದು ಮಾತು. ದಾರಿ ಏರಿಳಿತ, ಮೆಟ್ಟಿಲುಗಳು ಒಂದೇ ಎತ್ತರ ಇಲ್ಲ, ನೀರು ಹರಿಯುವ ಕಡೆ ಜಾರುತ್ತದೆ. ಚಪ್ಪಲಿ ಬೇಡ, ಶೂ ಹಾಕಿ. ಅಮ್ಮ ನಿಧಾನವಾಗಿ, ಅಲ್ಲಲ್ಲಿ ಕೂತು ಎಲ್ಲವನ್ನೂ ನೋಡಿದರು. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಟ್ಯಾಕ್ಸಿಯವರು 'ಮುಕ್ಕಾಲು ಗಂಟೆ ಸಾಕು' ಅನ್ನುತ್ತಾರೆ, ಕೇಳಬೇಡಿ. ಅವರ ಹತ್ತಿರ 'ಒಂದೇ ದಿನಕ್ಕೆ ಎಲ್ಲ ಗಾರ್ಡನ್' ಅಂತ ಪ್ಯಾಕೇಜ್ ಇರುತ್ತದೆ. ನಮಗೆ 2,500 ರೂಪಾಯಿ ಹೇಳಿದರು. ಅದರಲ್ಲಿ ನೀವು ನೋಡುವುದು ಗಾರ್ಡನ್ನುಗಳ ಗೇಟುಗಳನ್ನು ಮಾತ್ರ.

ಈ ಊರಿನಲ್ಲಿ ಸುತ್ತುವಾಗ ನಮಗೆ ಏನೋ ಇಲ್ಲ ಅನ್ನಿಸುತ್ತಿತ್ತು. ಏನು ಅಂತ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಸರ್ಕಲ್ಲುಗಳಲ್ಲಿ ನಾಯಕರ ಪ್ರತಿಮೆ ಇಲ್ಲ! ನಮ್ಮ ಕಡೆ ಪ್ರತಿಮೆ ಇಲ್ಲದ ಸರ್ಕಲ್ ಹುಡುಕುವುದೇ ಕಷ್ಟ ಅಲ್ವಾ? ಇಲ್ಲಿ ದೊಡ್ಡ ದೊಡ್ಡ ಸರ್ಕಲ್, ನಡುವೆ ಬರೀ ಹೂವು, ಹುಲ್ಲು. ಊರಿನ ನಕ್ಷೆ ಮಾಡಿದ ಲೆ ಕಾರ್ಬುಸಿಯೆ ಈ ಊರಿಗೆ ಅಂತ ಒಂದು ನಿಯಮಪತ್ರ ಬರೆದಿದ್ದರು. ಊರಿನಲ್ಲಾಗಲಿ ಪಾರ್ಕುಗಳಲ್ಲಾಗಲಿ ವ್ಯಕ್ತಿಗಳ ಪ್ರತಿಮೆ ನಿಲ್ಲಿಸಬಾರದು, ನೆನಪಿಗೆ ಬೇಕಾದರೆ ಕಂಚಿನ ಫಲಕ ಹಾಕಿ ಅಂತ ಅದರಲ್ಲಿದೆ. ಸುಖ್ನಾ ಕೆರೆಯ ಏರಿಯ ಮೇಲೆ ಮೋಟಾರು ಗಾಡಿ ಬಿಡಬಾರದು ಅನ್ನುವುದೂ ಅದರಲ್ಲೇ ಇದೆ. ಈಗಲೂ ಆ ಏರಿಯ ಮೇಲೆ ಜನ ಆರಾಮವಾಗಿ ನಡೆಯುತ್ತಾರೆ.

ಹಾಗಾದರೆ ಕಾರ್ಬುಸಿಯೆ ನಿಲ್ಲಿಸಲು ಬಯಸಿದ್ದು ಏನನ್ನು? ಒಂದು ಕೈಯನ್ನು. ರಾಕ್ ಗಾರ್ಡನ್ ಪಕ್ಕದಲ್ಲೇ ಕ್ಯಾಪಿಟಲ್ ಕಾಂಪ್ಲೆಕ್ಸ್ ಇದೆ. ಹೈಕೋರ್ಟ್, ವಿಧಾನಸಭೆ, ಸೆಕ್ರೆಟೇರಿಯಟ್ ಮೂರೂ ಇರುವ ಜಾಗ. ಅಲ್ಲಿ ಓಪನ್ ಹ್ಯಾಂಡ್ ಅನ್ನುವ 26 ಮೀಟರ್ ಎತ್ತರದ ಲೋಹದ ಕೈ ನಿಂತಿದೆ. ಸುಮಾರು 50 ಟನ್ ತೂಕ. ಅಷ್ಟು ಭಾರ ಇದ್ದರೂ ಗಾಳಿ ಬಂದಾಗ ಮೆಲ್ಲಗೆ ತಿರುಗುತ್ತದೆ. ಕೊಡಲು ತೆರೆದ ಕೈ, ಪಡೆಯಲು ತೆರೆದ ಕೈ ಅಂತ ಅದರ ಅರ್ಥ. ಕಾರ್ಬುಸಿಯೆ 1965ರಲ್ಲಿ ತೀರಿಕೊಂಡರು. ಕೈ ಎದ್ದು ನಿಂತದ್ದು 1985ರಲ್ಲಿ. ಕೆಳಗೆ ನೆಲ ಅಗೆದು ಮಾಡಿದ ದೊಡ್ಡ ಹಳ್ಳದಂಥ ಅಂಗಳ ಇದೆ. ಅಲ್ಲಿಗೆ ಇಳಿದು ಮೇಲೆ ನೋಡಿ, ಆಗ ಅದರ ಗಾತ್ರ ಗೊತ್ತಾಗುತ್ತದೆ.

ಆದರೆ ಸುಮ್ನೆ ಹೋದರೆ ಒಳಗೆ ಬಿಡುವುದಿಲ್ಲ. ಸೆಕ್ಟರ್ 1ರಲ್ಲಿರುವ ಪ್ರವಾಸಿ ಮಾಹಿತಿ ಕೇಂದ್ರದಲ್ಲಿ ಹೆಸರು ಬರೆಸಬೇಕು. ಆಧಾರ್ ಕಾರ್ಡಿನಂಥ ಗುರುತಿನ ಚೀಟಿ ಒರಿಜಿನಲ್ ಬೇಕು, ಫೋನಿನಲ್ಲಿ ತೋರಿಸಿದರೆ ಆಗುತ್ತದೆ ಅಂತ ನಂಬಿ ಹೋಗಬೇಡಿ. ದಿನದಲ್ಲಿ ಗೊತ್ತಾದ ಕೆಲವು ಹೊತ್ತಿನಲ್ಲಿ ಮಾತ್ರ ಗೈಡ್ ಜೊತೆ ಗುಂಪಾಗಿ ಕರೆದುಕೊಂಡು ಹೋಗುತ್ತಾರೆ. ದುಡ್ಡಿಲ್ಲ. ನೆರಳೂ ಇಲ್ಲ! ಇಡೀ ಜಾಗ ಬಯಲು ಸಿಮೆಂಟು. ಟೋಪಿ, ನೀರು ಇರಲಿ. ಅಮ್ಮ ಅಲ್ಲಿಗೆ ಬರಲಿಲ್ಲ, ಕೆರೆ ಏರಿಯ ಬೆಂಚಿನ ಮೇಲೆ ಕೂತಿದ್ದರು. ವಯಸ್ಸಾದವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಊಟದ ವಿಷಯ. ಕೆರೆ ಹತ್ತಿರ ಸಿಗುವುದೆಲ್ಲ ದುಬಾರಿ, ರುಚಿಯೂ ಅಷ್ಟಕ್ಕಷ್ಟೆ. ಸೆಕ್ಟರ್ 22ರ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ತಳ್ಳುಗಾಡಿ ಇಟ್ಟುಕೊಂಡ ಗಂಡ ಹೆಂಡತಿ ಇದ್ದರು. ಬೋರ್ಡಿಲ್ಲ, ಹೆಸರಿಲ್ಲ. ಎರಡು ದೊಡ್ಡ ಹಿತ್ತಾಳೆ ಪಾತ್ರೆ. ಒಂದರಲ್ಲಿ ರಾಜ್ಮಾ, ಇನ್ನೊಂದರಲ್ಲಿ ಕಡಿ, ಅಂದರೆ ಕಡಲೆಹಿಟ್ಟು ಹಾಕಿದ ಮಜ್ಜಿಗೆ ಹುಳಿ ಥರದ್ದು, ಪಕೋಡ ಮುಳುಗಿಸಿದ್ದು. ಒಂದು ಪ್ಲೇಟ್ ಅನ್ನದ ಮೇಲೆ ಅದನ್ನು ಧಾರಾಳವಾಗಿ ಸುರಿದು, ಮೇಲೆ ಹಸಿ ಈರುಳ್ಳಿ, ಹಸಿರು ಚಟ್ನಿ ಹಾಕಿ 60 ರೂಪಾಯಿ. ರಾಜ್ಮಾ ಕಾಳು ಬಾಯಲ್ಲಿ ಇಟ್ಟರೆ ಕರಗುವಷ್ಟು ಬೆಂದಿತ್ತು, ಆದರೂ ಸಿಪ್ಪೆ ಬಿಟ್ಟಿರಲಿಲ್ಲ. ಖಾರ ಕಡಿಮೆ, ಶುಂಠಿ ಜಾಸ್ತಿ. ಅನ್ನ ಮುಗಿಯುವ ಮೊದಲೇ ಆಕೆ ಕೇಳದೆಯೇ ಇನ್ನೊಂದು ಸೌಟು ರಾಜ್ಮಾ ಹಾಕಿದರು. ಅಮ್ಮನಿಗೆ ಹೊರಗಿನ ಊಟ ಹಿಡಿಸುವುದೇ ಕಷ್ಟ. ಅವರು ಕಡಿಯನ್ನು ಎರಡನೇ ಸಲ ಹಾಕಿಸಿಕೊಂಡರು. ಆಮೇಲೆ ನಾವು ಮಧ್ಯಾಹ್ನದ ಊಟಕ್ಕೆ ಬೇರೆ ಕಡೆ ಹೋಗಲೇ ಇಲ್ಲ. ಎರಡು ಗಂಟೆ ದಾಟಿದರೆ ಪಾತ್ರೆ ಖಾಲಿ. ಹನ್ನೆರಡೂವರೆಗೆ ಹೋಗಿ. ಆಫೀಸಿನ ಜನ ಮುತ್ತಿಕೊಂಡಿರುವ ಗಾಡಿ ಕಂಡರೆ ಅದೇ.

ಗುಲಾಬಿ ನೋಡಬೇಕು ಅನ್ನುವವರು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರ ಇಟ್ಟುಕೊಳ್ಳಿ. ಸೆಕ್ಟರ್ 16ರ ಝಾಕಿರ್ ಹುಸೇನ್ ರೋಸ್ ಗಾರ್ಡನ್ 1967ರಲ್ಲಿ ಆದದ್ದು. ಸುಮಾರು 30 ಎಕರೆ, 1,600ರಷ್ಟು ತಳಿ ಅನ್ನುತ್ತಾರೆ. ಬೇಸಿಗೆಯಲ್ಲಿ ಹೋದರೆ ಬರೀ ಮುಳ್ಳಿನ ಗಿಡಗಳನ್ನು ನೋಡಿ ಬರಬೇಕು. ನಾನು ನಿಜವಾಗಿ ಹೇಳಬೇಕಾದದ್ದು ಅದರ ಆಚೆಯದು. ಊರಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ನಕ್ಷೆ ಮಾಡುವಾಗ ಅದನ್ನು ಮುಚ್ಚಲಿಲ್ಲ. ಅದರ ಉದ್ದಕ್ಕೂ ಸುಮಾರು ಎಂಟು ಕಿಲೋಮೀಟರ್ ಪಾರ್ಕುಗಳ ಸಾಲು ಮಾಡಿದರು. ಅದೇ ಲೀಶರ್ ವ್ಯಾಲಿ. ಸೆಕ್ಟರ್ 3ರ ಬೋಗನ್‌ವಿಲ್ಲಾ ಗಾರ್ಡನ್‌ನಿಂದ ಇಳಿಯುತ್ತಾ ಬಂದರೆ ರೋಸ್ ಗಾರ್ಡನ್, ಶಾಂತಿ ಕುಂಜ್, ಸೆಕ್ಟರ್ 23ರ ಬಿದಿರಿನ ಪಾರ್ಕ್, ಸೆಕ್ಟರ್ 36ರ ಸುವಾಸನೆ ಗಿಡಗಳ ಗಾರ್ಡನ್ ಸಿಗುತ್ತವೆ. ನಡುವೆ ದೊಡ್ಡ ರಸ್ತೆಗಳನ್ನು ದಾಟಬೇಕು, ಅಷ್ಟೆ. ಟಿಕೆಟ್ ಇಲ್ಲ, ಸಾಲು ಇಲ್ಲ, ತಳ್ಳಾಟ ಇಲ್ಲ. ಶಾಂತಿ ಕುಂಜದಲ್ಲಿ ಮಧ್ಯಾಹ್ನ ಹುಲ್ಲಿನ ಮೇಲೆ ಮಲಗಿ ನಿದ್ದೆ ಮಾಡಿದೆ, ಯಾರೂ ಎಬ್ಬಿಸಲಿಲ್ಲ. ಎಂಟೂ ಕಿಲೋಮೀಟರ್ ಆಗದಿದ್ದರೆ ಸೆಕ್ಟರ್ 10ರಿಂದ 23ರವರೆಗೆ ನಡೆಯಿರಿ. ದುಡ್ಡು ಕೊಟ್ಟು ಹೋಗುವ ಎಷ್ಟೋ ಜಾಗಕ್ಕಿಂತ ಇದು ನನಗೆ ಇಷ್ಟವಾಯಿತು.

ಪಿಂಜೋರ್ ಮೊಘಲ್ ಗಾರ್ಡನ್ ಊರಿಂದ 20 ಕಿಲೋಮೀಟರಿನ ಮೇಲೆ, ಕಾಲ್ಕಾ ದಾರಿಯಲ್ಲಿದೆ. ಒಳಗೆ ಹೋದ ಮೇಲೆ ಅಂಗಳಗಳು ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಇಳಿಯುತ್ತವೆ, ಅದು ಚೆಂದ. ಶಿಮ್ಲಾಕ್ಕೆ ಹೋಗುವವರು ದಾರಿಯಲ್ಲಿ ಇಳಿದು ನೋಡಬಹುದು. ಅದಕ್ಕೇ ಅಂತ ಒಂದು ದಿನ ಇಡಬೇಡಿ.

ನಮ್ಮ ಕಡೆಯಿಂದ ಹೋಗುವವರಿಗೆ ಯಶವಂತಪುರದಿಂದ ಚಂಡೀಗಢಕ್ಕೆ ಕರ್ನಾಟಕ ಸಂಪರ್ಕ ಕ್ರಾಂತಿ ನೇರವಾಗಿ ಹೋಗುತ್ತದೆ, ಹುಬ್ಬಳ್ಳಿಯವರೂ ಹತ್ತಬಹುದು. ದಿನಾ ಇಲ್ಲ, ದೂರವೂ ಬಹಳ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜಿನಿಂದ ಆ ಕಡೆಯ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ಗುಲಾಬಿಯೂ ಇನ್ನೂ ತುಂಬಿರುವುದಿಲ್ಲ. ಫೆಬ್ರವರಿಯಲ್ಲಿ ರೋಸ್ ಫೆಸ್ಟಿವಲ್ ನಡೆಯುತ್ತದೆ. ಜನ, ಮೈಕು, ತಿಂಡಿ ಅಂಗಡಿ ಇಷ್ಟ ಇರುವವರು ಆ ದಿನಗಳಲ್ಲೇ ಹೋಗಲಿ. ನನ್ನ ಥರದವರು ಅದು ಮುಗಿದ ಮರುವಾರ ಹೋಗಿ. ಮೈಕು ಇರುವುದಿಲ್ಲ, ಹೂವು ಇರುತ್ತದೆ.