ಗಲಿಪ್ ದೆದೆ ಬೀದಿಯಲ್ಲಿ ಒಂದು ಚಿಕ್ಕ ರೈಡ್ ಸಿಂಬಲ್

ಇಸ್ತಾಂಬುಲ್‌ನ ಬೆಯೋಲು ಭಾಗದಲ್ಲಿ, ಟ್ಯೂನೆಲ್ ಚೌಕದಿಂದ ಗಲಾತಾ ಗೋಪುರದ ಕಡೆಗೆ ಇಳಿಜಾರಾಗಿ ಸಾಗುವ ಗಲಿಪ್ ದೆದೆ ಬೀದಿ ವಾದ್ಯಗಳ ಅಂಗಡಿಗಳಿಗೆ ಹೆಸರಾದದ್ದು. ಸ್ಮರಣಿಕೆ ಮಾರುವ ಮಳಿಗೆಗಳು ಈಗ ಆ ಸಾಲನ್ನು ಅಲ್ಲಲ್ಲಿ ಒತ್ತರಿಸುತ್ತಿದ್ದರೂ ಔದ್, ಬಾಗ್ಲಾಮಾ, ದರ್ಬುಕಾಗಳ ನಡುವೆ ಸಿಂಬಲ್‌ಗಳು, ಅಂದರೆ ಡ್ರಮ್ಮಿನ ಜೊತೆ ಕೋಲಿನಿಂದ ಬಾರಿಸುವ ಕಂಚಿನ ತಟ್ಟೆಗಳು, ಗೋಡೆಯ ತುಂಬ ತೂಗುತ್ತಿರುವ ಅಂಗಡಿಗಳು ಇನ್ನೂ ಉಳಿದಿವೆ. ಆಯಾ ಸೋಫಿಯಾ ನೋಡಿದ್ದಾಯಿತು, ಬಾಸ್ಫರಸ್‌ನಲ್ಲಿ ದೋಣಿ ಹತ್ತಿದ್ದಾಯಿತು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನನಗೆ ಬರೆಯಬೇಕೆನಿಸಿದ್ದು ಈ ಬೀದಿಯ ಒಂದು ಅಂಗಡಿಯೊಳಗೆ ಕಳೆದ ಮಧ್ಯಾಹ್ನದ ಬಗ್ಗೆ ಮಾತ್ರ.

ನಾನು ನುಡಿಸುವುದು ಕಾಕ್‌ಟೇಲ್ ಡ್ರಮ್. ಕಾಲುಗಳ ಮೇಲೆ ನಿಂತ ಒಂದೇ ಒಂದು ಉದ್ದನೆಯ ಪೀಪಾಯಿ. ಮೇಲಿನ ಚರ್ಮಕ್ಕೆ ಕೋಲಿನ ಪೆಟ್ಟು, ಕೆಳಗಿನ ಚರ್ಮಕ್ಕೆ ಪೆಡಲ್‌ನ ಪೆಟ್ಟು ಕೆಳಗಿನಿಂದ ಮೇಲಕ್ಕೆ. ನುಡಿಸುವವರು ಕುರ್ಚಿಯಿಲ್ಲದೆ ನಿಂತೇ ನುಡಿಸುತ್ತಾರೆ. 1940–50ರ ದಶಕಗಳಲ್ಲಿ ಅಮೆರಿಕದ ಹೋಟೆಲು, ಬಾರುಗಳ ಇಕ್ಕಟ್ಟಾದ ಮೂಲೆಗಳಲ್ಲಿ, ಪಿಯಾನೋದ ಪಕ್ಕ ಒಬ್ಬರು ನಿಲ್ಲುವಷ್ಟೇ ಜಾಗವಿದ್ದ ಕಡೆ ಜನಪ್ರಿಯವಾದ ವಾದ್ಯವಿದು. ಅದರ ದನಿ ಸಣ್ಣದು. ಆದ್ದರಿಂದ ಅದರ ಜೊತೆಗಿರುವ ಸಿಂಬಲ್ ಕೂಡ ಸಣ್ಣ ದನಿಯದಾಗಿರಬೇಕು, ಡ್ರಮ್ಮಿನ ಅಂಚಿಗೆ ಬಿಗಿದ ಮೋಟು ಕಂಬಿಯ ಮೇಲೆ ಅಲುಗಾಡದೆ ಕೂರುವಷ್ಟು ಹಗುರವೂ ಆಗಿರಬೇಕು.

ತೊಡಕಿರುವುದು ಇಲ್ಲಿಯೇ. ರೈಡ್ ಸಿಂಬಲ್ ಎಂದರೆ ಸಾಮಾನ್ಯವಾಗಿ 20 ಅಥವಾ 22 ಇಂಚಿನದು. 16 ಇಂಚಿಗೆ ಇಳಿದರೆ ಅಂಗಡಿಗಳಲ್ಲಿ ಸಿಗುವುದೆಲ್ಲ ಬಹುಮಟ್ಟಿಗೆ ಕ್ರ್ಯಾಶ್. ಒಂದೇ ಪೆಟ್ಟಿಗೆ ಸಿಡಿದು ಆರಿಹೋಗಲೆಂದು ತೆಳ್ಳಗೆ ಮಾಡಿದವು. ರೈಡ್‌ನ ಕೆಲಸ ಅದಕ್ಕೆ ತದ್ವಿರುದ್ಧ. ಒಂದರ ಹಿಂದೊಂದು ಬೀಳುವ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಬೇಕು, ಹಿಂದಿನ ಪೆಟ್ಟಿನ ಮೊರೆತ ಮುಂದಿನದನ್ನು ನುಂಗಬಾರದು.

ಮೊದಲು ಹೊಕ್ಕ ಅಂಗಡಿಗಳಲ್ಲಿ ಕನ್ನಡಿಯಂತೆ ಉಜ್ಜಿ ಹೊಳಪಿಸಿದ ಸಿಂಬಲ್‌ಗಳನ್ನೇ ಮುಂದಿಟ್ಟರು. ಆ ಹೊಳಪು ನನಗೆ ಮೊದಲಿನಿಂದಲೂ ಹಿಡಿಸುವುದಿಲ್ಲ. ದೀಪದಡಿ ಚೆಂದ ಕಾಣುವುದರ ಆಚೆಗೆ ಅದರಿಂದ ನನ್ನಂಥವನಿಗೆ ಪ್ರಯೋಜನವಿಲ್ಲ. ಒಬ್ಬ ಮಾರಾಟಗಾರನಂತೂ ನಾನು ಬಾಯಿ ತೆರೆಯುವ ಮುನ್ನವೇ ದಪ್ಪ ಕೋಲೊಂದನ್ನು ತೆಗೆದು ಅಂಚಿಗೆ ಬೀಸಿ ಹೊಡೆದು, ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದ. ಹಾಗೆ ಹೊಡೆದರೆ ಯಾವ ಸಿಂಬಲ್ಲಾದರೂ ಕ್ರ್ಯಾಶ್ ಆಗದೆ ಇನ್ನೇನಾದೀತು?

ಇಳಿಜಾರಿನ ನಡುವೆ ಸಿಕ್ಕಿದ ಆ ಅಂಗಡಿ ಅಗಲವಿಲ್ಲದ, ಒಳಕ್ಕೆ ಉದ್ದವಾದ ಕೋಣೆ. ಯಜಮಾನರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಸಹಾಯಕ ಹುಡುಗ ಅವರನ್ನು ‘ಉಸ್ತಾ’, ಅಂದರೆ ಕಸುಬಿನ ಗುರು, ಎಂದು ಕರೆಯುತ್ತ, ನಮ್ಮಿಬ್ಬರ ಮಾತನ್ನು ಆಚೀಚೆ ದಾಟಿಸುತ್ತಿದ್ದ. 16 ಇಂಚಿನ ರೈಡ್ ಬೇಕು ಎಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ಕೇಳಿದ್ದು ಇಷ್ಟು:

“ಅದರ ಮೇಲೆ ರೈಡ್ ಅಂತ ಬರೆದಿರಲೇಬೇಕೋ, ರೈಡ್‌ನ ಕೆಲಸ ಮಾಡಿದರೆ ಸಾಕೋ?”

ಕೆಲಸ ಮಾಡಿದರೆ ಸಾಕು ಎಂದೆ. ಹಾಗಾದರೆ ಸರಿ ಎಂದು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಅಡುಗೆಮನೆಯಲ್ಲಿ ಬಳಸುವಂಥ ಡಿಜಿಟಲ್ ತಕ್ಕಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಗೋಡೆಯಿಂದ 16 ಇಂಚಿನ ಮೂರು ಸಿಂಬಲ್‌ಗಳನ್ನು ಇಳಿಸಿ ಒಂದೊಂದಾಗಿ ತೂಗಿದರು: 870 ಗ್ರಾಂ, 1,040 ಗ್ರಾಂ, 1,180 ಗ್ರಾಂ. ಮೊದಲಿನ ಎರಡು ಒಂದೇ ತಯಾರಕರ ಒಂದೇ ಸಾಲಿನವು, ಆದರೂ ನಡುವೆ 170 ಗ್ರಾಂ ಅಂತರ. ಕೈಯಲ್ಲಿ ಬಡಿದು ಮಾಡಿದವು ಹೀಗೆಯೇ, ಹೆಸರು ನೋಡಿ ಕೊಳ್ಳುವವರು ಮೋಸ ಹೋಗುತ್ತಾರೆ ಎಂದರು.

ನಂತರ ಸ್ಟ್ಯಾಂಡನ್ನು ನನ್ನ ಎದೆಯ ಮಟ್ಟಕ್ಕೆ ಏರಿಸಿದರು. “ನೀವು ನಿಂತು ನುಡಿಸುವವರು, ಕುಳಿತು ಪರೀಕ್ಷೆ ಮಾಡಿದರೆ ಏನು ಬಂತು?” ಹಗುರವಾದದ್ದು ನಾಲ್ಕಾರು ಪೆಟ್ಟಿಗೇ ಬಾಯಿ ಬಿಟ್ಟಿತು, ಆಮೇಲೆ ಕೇಳಿಸಿದ್ದು ಬರೀ ಭೋರೆಂಬ ಮೊರೆತ. ಭಾರದ್ದರಲ್ಲಿ ಪೆಟ್ಟುಗಳು ಸ್ಫುಟವಾಗಿಯೇ ಇದ್ದವು, ಆದರೆ ಶ್ರುತಿ ಎಷ್ಟು ಮೇಲಿತ್ತೆಂದರೆ ಪೂಜೆಯ ಗಂಟೆ ಬಾರಿಸಿದಂತೆ ಕಿವಿಗೆ ಚುಚ್ಚುತ್ತಿತ್ತು. ಅದರ ನಡುವಿನ ಉಬ್ಬನ್ನು, ಅಂದರೆ ಬೆಲ್ಲನ್ನು, ಅವರು ಹೆಬ್ಬೆರಳಿನಿಂದ ಸವರಿ ತೋರಿಸಿದರು: ಬೆಲ್ ದೊಡ್ಡದಾದಷ್ಟೂ ಅನುನಾದ ಹೆಚ್ಚು, ಸದ್ದು ಹೆಚ್ಚು, ನಿಮ್ಮ ಪುಟ್ಟ ಡ್ರಮ್ಮಿಗೆ ಇದು ಯಜಮಾನನಾಗಿ ಕೂರುತ್ತದೆ.

ನಡುವಿನ ತೂಕದ್ದನ್ನು ನಾನು ನುಡಿಸುವಾಗ ಅವರು ಬೇಕೆಂದೇ ಹುಡುಗನೊಂದಿಗೆ ಮೆಲುದನಿಯಲ್ಲಿ ಮಾತಿಗಿಳಿದರು. ಅವರ ಮಾತು ನನಗೆ ಕೇಳುತ್ತಿದೆಯೇ ಎಂಬುದೇ ಪರೀಕ್ಷೆ. ಕೇಳುತ್ತಿರಲಿಲ್ಲ. ಆಗ ಒಳಗಿನ ಕಪಾಟಿನಿಂದ ಮಣ್ಣುಬಣ್ಣದ ಇನ್ನೊಂದು 16 ಇಂಚಿನದನ್ನು ತಂದರು. ತಕ್ಕಡಿಯಲ್ಲಿ ಅದೂ ಸುಮಾರು ಅಷ್ಟೇ ತೂಗಿತು, ಆದರೆ ಮೂರು ವಿಷಯಗಳಲ್ಲಿ ಬೇರೆಯಾಗಿತ್ತು. ಅದರ ಬೆಲ್ ಚಿಕ್ಕದು. ಮೈಯ ಬಾಗು ತೀರ ಕಡಿಮೆ. ಬಾಗು ಕಡಿಮೆಯಾದರೆ ಶ್ರುತಿ ಇಳಿಯುತ್ತದೆ, ಚಿಕ್ಕ ಸಿಂಬಲ್‌ನ ಕೀಚಲು ಅಷ್ಟರಮಟ್ಟಿಗೆ ತಗ್ಗುತ್ತದೆ. ಕೆಳಮೈಯನ್ನು ಲೇತ್ ಯಂತ್ರದಲ್ಲಿ ಹೆರೆದಿರಲಿಲ್ಲ; ಕುಲುಮೆಯಿಂದ ಬಂದ ಕಪ್ಪು ಪದರ ಹಾಗೆಯೇ ಉಳಿದಿತ್ತು, ಅದರ ಮೇಲೆ ಸುತ್ತಿಗೆಯ ಗುಳಿಗಳು ಬೆರಳಿಗೆ ಸಿಗುತ್ತಿದ್ದವು. ಹೀಗೆ ಹೆರೆಯದೆ ಬಿಟ್ಟ ಸಿಂಬಲ್ ಹೆಚ್ಚು ಮೊರೆಯುವುದಿಲ್ಲ, ದನಿ ಒಣಗಿದಂತೆ ಬೇಗ ನಿಲ್ಲುತ್ತದೆ.

ನಾನು ನುಡಿಸಿದಾಗ ಅದು ಮಂಕಾಗಿ ಕೇಳಿಸಿ ನಿರಾಸೆಯಾಯಿತು. ಅವರು ಕೋಲನ್ನು ಹುಡುಗನ ಕೈಗೆ ಕೊಟ್ಟು ನನ್ನನ್ನು ಬಾಗಿಲವರೆಗೆ ನಡೆಸಿಕೊಂಡು ಹೋದರು. ಅಲ್ಲಿಂದ ಕೇಳಿದಾಗ, ಬೀದಿಯ ಗದ್ದಲವಿದ್ದರೂ, ಪ್ರತಿಯೊಂದು ಪೆಟ್ಟೂ ಎಣಿಸಬಹುದಾದಷ್ಟು ಬಿಡಿಯಾಗಿತ್ತು. ನುಡಿಸುವವನ ಕಿವಿಗೂ ಕೇಳುವವರ ಕಿವಿಗೂ ಇಷ್ಟು ಅಂತರವಿದೆಯೆಂದು ಓದಿದ್ದೆ. ಹೀಗೆ ಯಾರೂ ಕೈಹಿಡಿದು ಕೇಳಿಸಿರಲಿಲ್ಲ. ಅಂಗಡಿಗೆ ಹೋಗುವವರು ತಾವು ನುಡಿಸಿ ಸುಮ್ಮನಾಗದೆ ಬೇರೆಯವರ ಕೈಯಲ್ಲಿ ನುಡಿಸಿ, ಹತ್ತು ಹೆಜ್ಜೆ ಹಿಂದೆ ನಿಂತು ಕೇಳುವುದು ಒಳ್ಳೆಯದು.

18 ಇಂಚಿನ ಫ್ಲ್ಯಾಟ್ ರೈಡ್ ಒಂದನ್ನೂ ತೋರಿಸಿದರು. ಬೆಲ್ಲೇ ಇಲ್ಲದ ಈ ಬಗೆ ಮೆಲುದನಿಯ ಜಾಝ್‌ಗೆ ಬಹಳ ಒಪ್ಪುತ್ತದೆ, ಆ ನಾದ ನನಗೆ ನಿಜಕ್ಕೂ ಇಷ್ಟವಾಯಿತು. ಆದರೆ ನನ್ನ ಮೋಟು ಕಂಬಿಗೆ ಅದು ಹೆಚ್ಚಿನ ಹೊರೆ. ಮಣ್ಣುಬಣ್ಣದ 16 ಇಂಚಿನದನ್ನೇ ಕೊಂಡೆ.

ಗೋಡೆಯ ಮೇಲೆ ‘ಇಸ್ತಾಂಬುಲ್’ ಎಂಬ ಒಂದೇ ಹೆಸರಿನ ಎರಡು ಬೇರೆ ಮುದ್ರೆಗಳಿದ್ದವು. ವಿಚಾರಿಸಿದ್ದಕ್ಕೆ ಉಸ್ತಾ ಚಹಾ ತರಿಸಿ ನಿಧಾನವಾಗಿ ಹೇಳಿದರು. ಈ ನಗರದ ಸಿಂಬಲ್ ಕಸುಬಿನ ದೊಡ್ಡ ಹೆಸರು ಜಿಲ್ಜಿಯಾನ್. ಅವೆದಿಸ್ ಎಂಬ ಅರ್ಮೇನಿಯನ್ ಲೋಹಕಾರ 1623ರಲ್ಲಿ ಇಲ್ಲಿಯ ಸಮಾತ್ಯಾ ಬಡಾವಣೆಯಲ್ಲಿ ಸ್ವಂತ ಕುಲುಮೆ ಹಾಕಿದನೆಂದು ಆ ಮನೆತನದ ಚರಿತ್ರೆ ಹೇಳುತ್ತದೆ. ಮನೆತನದ ಒಂದು ಕವಲು 1929ರಲ್ಲಿ ಅಮೆರಿಕದಲ್ಲಿ ಕಾರ್ಖಾನೆ ತೆರೆಯಿತು. ಇಸ್ತಾಂಬುಲ್‌ನ ಹಳೆಯ ಕಾರ್ಖಾನೆ 1970ರ ದಶಕದ ಕೊನೆಯ ಹೊತ್ತಿಗೆ ನಿಂತುಹೋದಾಗ, ಅಲ್ಲಿ ಹುಡುಗರಾಗಿ ಕೆಲಸ ಕಲಿತ ಮೆಹ್ಮೆತ್ ಮತ್ತು ಅಗೋಪ್ ಜೊತೆಯಾಗಿ ‘ಇಸ್ತಾಂಬುಲ್’ ಆರಂಭಿಸಿದರು. 1996ರಲ್ಲಿ ಅಗೋಪ್ ತೀರಿಕೊಂಡ ಮೇಲೆ ಅದು ಎರಡಾಗಿ, ಇಬ್ಬರ ಹೆಸರಿನಲ್ಲೂ ಒಂದೊಂದು ಮುದ್ರೆ ಉಳಿಯಿತು. ನೂರಕ್ಕೆ ಎಂಬತ್ತು ಪಾಲು ತಾಮ್ರ, ಇಪ್ಪತ್ತು ಪಾಲು ತವರ ಎಂಬ ಲೆಕ್ಕ ಮಾತ್ರ ಎಲ್ಲರದೂ ಒಂದೇ. ತವರ ಇಷ್ಟು ಹೆಚ್ಚಾದರೆ ಲೋಹ ಗಾಜಿನಂತೆ ಒಡೆಯುವ ಸ್ವಭಾವದ್ದಾಗುವುದರಿಂದ, ಎರಕದ ಬಿಲ್ಲೆಯನ್ನು ಮತ್ತೆ ಮತ್ತೆ ಕಾಯಿಸುತ್ತಲೇ ಉರುಳೆಗಳ ನಡುವೆ ಹಾಯಿಸಿ ಹಿಗ್ಗಿಸಬೇಕು, ಕೊನೆಗೆ ಕೆಂಪಗೆ ಕಾಯಿಸಿ ನೀರಿಗದ್ದಬೇಕು.

ಮರುದಿನ ಸಮಾತ್ಯಾಕ್ಕೆ ಹೋಗಿ ಬಂದೆ. ಮರ್ಮರ ಸಮುದ್ರದ ದಡದ, ಹಳೆಯ ಮರದ ಮನೆಗಳ ಹಿತವಾದ ಬಡಾವಣೆ. ಕುಲುಮೆಯ ಗುರುತೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನು ವಿಮಾನ ನಿಲ್ದಾಣದ ಮಾತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸಿಂಬಲ್ಲನ್ನು ಕೈಚೀಲವಾಗಿ ಒಯ್ಯಬಹುದೇ ಎಂದು ವಿಮಾನ ಸಂಸ್ಥೆಗೆ ಮೊದಲೇ ಫೋನ್ ಮಾಡಿ ಕೇಳಿದ್ದೆ, ಧಾರಾಳವಾಗಿ ಎಂದಿದ್ದರು. ಕೌಂಟರಿನಲ್ಲಿದ್ದಾಕೆ ಅಳತೆಯ ಪೆಟ್ಟಿಗೆ ತೋರಿಸಿದಳು: ಅಗಲ 40 ಸೆಂಟಿಮೀಟರ್. 16 ಇಂಚೆಂದರೆ 40.6 ಸೆಂಟಿಮೀಟರ್. ಆರು ಮಿಲಿಮೀಟರಿಗಾಗಿ, ಸರದಿಯಲ್ಲಿದ್ದವರೆಲ್ಲ ನೋಡುತ್ತಿರುವಂತೆಯೇ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಬಟ್ಟೆಗಳ ನಡುವೆ ಅದನ್ನು ತುರುಕಬೇಕಾಯಿತು. ಅಂಥ ಅನುಮತಿಯನ್ನು ಬರವಣಿಗೆಯಲ್ಲೇ ಪಡೆಯಿರಿ. ಸೂಟ್‌ಕೇಸಿನಲ್ಲೇ ಇಡುವುದಾದರೆ ಸಿಂಬಲ್ ಮಲಗಿದಂತೆ ನಟ್ಟನಡುವೆ, ಮೇಲೂ ಕೆಳಗೂ ದಪ್ಪ ಬಟ್ಟೆ ಇರಲಿ. ಪೆಟ್ಟು ತಿನ್ನುವುದು ಅಂಚು, ಬಿರುಕು ಹುಟ್ಟುವುದೂ ಅಲ್ಲಿಯೇ. ನನ್ನದು ಅದೃಷ್ಟಕ್ಕೆ ಏನೂ ಆಗದೆ ಬಂತು.

ಈಗ ಅದು ಡ್ರಮ್ಮಿನ ಅಂಚಿನ ಕಂಬಿಯ ಮೇಲೆ, ಎರಡು ಫೆಲ್ಟ್ ಬಿಲ್ಲೆಗಳ ನಡುವೆ ಸಡಿಲವಾಗಿ ಕೂತಿದೆ. ತೆಳ್ಳನೆಯ, ಮರದ ತುದಿಯ ಕೋಲಿಗೆ ಸೊಗಸಾಗಿ ಓಗೊಡುತ್ತದೆ. ನೈಲಾನ್ ತುದಿಗೆ ತುಸು ಹರಿತವಾಗುತ್ತದೆ. ಕೋಲಿನ ಬದಲು ಹಿಡಿಯುವ ತಂತಿಯ ಬ್ರಷ್‌ಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಬೆಲ್ ಚಿಕ್ಕದಾದ್ದರಿಂದ ಲ್ಯಾಟಿನ್ ನಡೆಗಳಲ್ಲಿ ಅಲ್ಲಿ ಹೊಡೆದರೆ ದನಿ ಸಾಲದು, ಅದಕ್ಕೆ ಪಕ್ಕದ ಕೌಬೆಲ್ಲನ್ನೇ ಬಳಸುತ್ತಿದ್ದೇನೆ.