ಅಮ್ಮಾ, ಈಗ ನೀನು ಜಗಳಾನೇ ಆಡಲ್ವಲ್ಲ

ಕಳೆದ ಗುರುವಾರ ಮನೆಯಿಂದಲೇ ಮೀಟಿಂಗ್ ಮುಗಿಸಿ ಹೆಡ್‌ಫೋನ್ ತೆಗೆದೆ. ಪಕ್ಕದಲ್ಲಿ ಚಿತ್ರ ಬರೆಯುತ್ತಿದ್ದ ಒಂಬತ್ತು ವರ್ಷದ ಮಗಳು ತಲೆ ಎತ್ತಿದಳು. “ಅಮ್ಮಾ, ಮೊದಲೆಲ್ಲ ಆಫೀಸಿನವರ ಜೊತೆ ಎಷ್ಟು ಜಗಳ ಆಡ್ತಿದ್ದೆ. ಈಗ ಬರೀ ಓಕೆ ಓಕೆ ಅಂತೀಯ. ಯಾಕೆ?”

ಉತ್ತರ ಹೊಳೆಯಲಿಲ್ಲ. ಅವಳು ಮತ್ತೆ ಬಣ್ಣ ಹಚ್ಚತೊಡಗಿದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಜರ್ಮನಿಗೆ ಬಂದು ಆರು ವರ್ಷವಾಯಿತು. ಇಲ್ಲಿನ ಕಾನೂನಿನಂತೆ ಇವತ್ತಿನ ಕೆಲಸ ಮುಗಿದು ನಾಳೆಯದು ಶುರುವಾಗುವ ಮುಂಚೆ ಸಾಮಾನ್ಯವಾಗಿ 11 ಗಂಟೆ ಬಿಡುವು ಇರಬೇಕು. ಊರಿನ ಗೆಳತಿಯರಿಗೆ ಇದನ್ನು ಹೆಮ್ಮೆಯಿಂದ ಹೇಳಿದ್ದೆ. ಆ ಬಿಡುವು ನನಗೂ ಸಿಗುತ್ತಿದೆ. ಆದರೂ ಸುಸ್ತು ಹೋಗುತ್ತಿಲ್ಲ. ಎಂಟು ತಿಂಗಳಿಂದ ಯಾವ ಕೆಲಸ ಯಾವಾಗ ಮುಗಿಯಬೇಕು ಅನ್ನೋದನ್ನು ನಮ್ಮನ್ನು ಕೇಳದೆ ಮೇಲಿನವರೇ ಬರೆದು ಕಳಿಸುತ್ತಿದ್ದಾರೆ. ಹೊರೆಯೂ ಜಾಸ್ತಿ, ನಮ್ಮ ಮಾತೂ ನಡೆಯಲ್ಲ ಅಂದಾಗಲೇ ಮನಸ್ಸು ಹೆಚ್ಚು ಹಿಂಡುವುದು ಅಂತ ರಾಬರ್ಟ್ ಕರಾಸೆಕ್ ಅನ್ನುವ ಸಂಶೋಧಕರು 1979ರಲ್ಲೇ ಹೇಳಿದ್ದರು.

ಊರಿನಲ್ಲಿದ್ದಾಗಿನ ನನ್ನ ಮೊದಲ ಕೆಲಸ ನೆನಪಾಯಿತು. ತಂಡದಲ್ಲಿ ಒಬ್ಬರು ಹಿರಿಯರಿದ್ದರು. ಪ್ರತಿ ಮೀಟಿಂಗಿನಲ್ಲೂ ವಾದ. ಈ ದಿನಾಂಕಕ್ಕೆ ಆಗಲ್ಲ, ಇನ್ನಿಬ್ಬರು ಬೇಕು, ಹೊಸಬರಿಗೆ ಕಲಿಯೋಕೆ ಸಮಯ ಕೊಡಿ. ಆಮೇಲೆ ಒಂದು ದಿನ ಸುಮ್ಮನಾಗಿಬಿಟ್ಟರು. ಅಂತೂ ಹೊಂದಿಕೊಂಡರು ಅಂತ ಮ್ಯಾನೇಜರ್ ಖುಷಿಪಟ್ಟರು. ನಾವೂ ನಂಬಿದೆವು. ನಾಲ್ಕು ತಿಂಗಳಿಗೆ ರಾಜೀನಾಮೆ ಪತ್ರ ಬಂತು. ಸಂಬಳ ಜಾಸ್ತಿ ಮಾಡ್ತೀವಿ ಅಂದರೂ ನಿಲ್ಲಲಿಲ್ಲ. ಅವರ ಕೆಲಸ ಉಳಿದ ಮೂವರ ತಲೆಗೆ ಬಿತ್ತು. ವರ್ಷ ತುಂಬುವುದರೊಳಗೆ ಆ ಮೂವರಲ್ಲಿ ಇಬ್ಬರು ಬಿಟ್ಟೆವು.

ಹೋದವರಿಗೆ ನಿಷ್ಠೆ ಇಲ್ಲ ಅಂತ ಅಲ್ಲಿ ಮಾತಾಯಿತು. ಅದು ಇವತ್ತಿಗೂ ನೋಯಿಸುತ್ತದೆ. ನಿಷ್ಠೆ ಇದ್ದದ್ದಕ್ಕೇ ಅವರು ಅಷ್ಟು ದಿನ ಜಗಳ ಆಡಿದ್ದು, ಅಲ್ವಾ?

ಕೆಲಸದ ಒತ್ತಡ ಮುಗಿಯದೆ ಬಸವಳಿದು ಹೋಗುವುದಕ್ಕೆ ಬರ್ನ್‌ಔಟ್ ಅಂತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಗುರುತು ಹೇಳಿತು. ತೀರದ ದಣಿವು, ಕೆಲಸದಿಂದ ಮನಸ್ಸು ದೂರವಾಗುವುದು, ಮೊದಲಿನಷ್ಟು ಚೆನ್ನಾಗಿ ಕೆಲಸ ಮಾಡಲಾಗದಿರುವುದು. ದಣಿವು ಮುಖದಲ್ಲೇ ಕಾಣುತ್ತದೆ. ಎರಡನೆಯದು ಹೊರಗಿನವರಿಗೆ ಸಮಾಧಾನದ ಹಾಗೆ ಕಾಣುತ್ತದೆ. ನನ್ನ ಓಕೆ ಓಕೆ ಅದೇ. ಮಗಳಿಗೆ ಗೊತ್ತಾಗಿದ್ದು ನನಗೆ ಗೊತ್ತಾಗಿರಲಿಲ್ಲ.

ನಾಳೆ ಹತ್ತಕ್ಕೆ ಮೀಟಿಂಗ್ ಇದೆ. ಈ ದಿನಾಂಕ ಯಾಕೆ ಆಗಲ್ಲ ಅಂತ ಒಂದು ಪುಟ ಬರೆದಿಟ್ಟುಕೊಂಡಿದ್ದೇನೆ. ಸ್ವಲ್ಪ ಗಲಾಟೆ ಇರತ್ತೆ ಅಂತ ಮಗಳಿಗೂ ಹೇಳಿದ್ದೇನೆ.