ತಮ್ಮನಿಗೆ ಕೊಟ್ಟ ಮೂರು ಲಕ್ಷ

2022ರ ಜೂನ್ ತಿಂಗಳು. ತಿಪಟೂರಿನ ಹತ್ತಿರ ತೆಂಗಿನ ತೋಟ ಮಾಡಿಕೊಂಡಿರುವ ನನ್ನ ತಮ್ಮ ಬೋರ್‌ವೆಲ್ ಕೊರೆಸಲು ದುಡ್ಡು ಕೇಳಿದ. ನಾನು ಟೀಚರ್ ಕೆಲಸದಿಂದ ನಿವೃತ್ತಿಯಾಗಿ ಎರಡು ತಿಂಗಳಾಗಿತ್ತು. ಬಂದ ಹಣದಲ್ಲಿ ಮೂರು ಲಕ್ಷ ಅವನ ಖಾತೆಗೆ ಹಾಕಿದೆ. ಏನೂ ಬರೆಸಿಕೊಳ್ಳಲಿಲ್ಲ. ನಾನು ಎತ್ತಿ ಆಡಿಸಿದ ಹುಡುಗ. ಸಾಲ ವಾಪಸ್ ಕೊಡ್ತೀನಿ ಅಂತ ಬರೆದ ಪ್ರೋನೋಟಿಗೆ ಸಹಿ ಹಾಕು ಅಂತ ಕೇಳಲು ಬಾಯಿ ಹೇಗೆ ಬರುತ್ತೆ?

ಒಂದು ಸಲ ಹತ್ತು ಸಾವಿರ ಕಳಿಸಿದ. ಆಮೇಲೆ ಫೋನ್ ಎತ್ತುವುದೇ ಕಡಿಮೆಯಾಯಿತು. 2025ರ ಏಪ್ರಿಲ್‌ನಲ್ಲಿ ಮಗಳು ಬಲವಂತ ಮಾಡಿ ವಕೀಲರ ಹತ್ತಿರ ಕರೆದುಕೊಂಡು ಹೋದಳು. ಅವರು ಮೊದಲು ಕೇಳಿದ್ದೇ ತಾರೀಖು. ಕೈಸಾಲಕ್ಕೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ನನಗೆ ಉಳಿದಿದ್ದು ಎರಡೇ ತಿಂಗಳು.

"ಹತ್ತು ಸಾವಿರ ಕೊಟ್ಟಿದ್ದಾನಲ್ಲ ಸಾರ್" ಅಂದೆ.

"ಸಾಲದ ಬಾಬ್ತು ಅಂತ ಬರೆದು ಸಹಿ ಹಾಕಿದ್ದರೆ ಅಲ್ಲಿಂದ ಮತ್ತೆ ಮೂರು ವರ್ಷ ಸಿಗ್ತಿತ್ತು ಮೇಡಂ. ಬರೆದಿದ್ದಾರಾ?"

ಇಲ್ಲ.

ನಮ್ಮ ನೋಟಿಸಿಗೆ ಅವನ ವಕೀಲರಿಂದ ಉತ್ತರ ಬಂತು. 'ಅಕ್ಕ ಪ್ರೀತಿಯಿಂದ ಕೊಟ್ಟ ಹಣ, ಸಾಲವಲ್ಲ.' ಆ ರಾತ್ರಿ ನಿದ್ದೆ ಬರಲಿಲ್ಲ. ಪ್ರೀತಿಯಿಂದಲೇ ಕೊಟ್ಟಿದ್ದು, ಸುಳ್ಳಲ್ಲ. ಆದರೆ ವಾಪಸ್ ಕೊಡ್ತೀನಿ ಅಂದಿದ್ದನಲ್ವಾ? ಪಾಸ್‌ಬುಕ್ಕಿನಲ್ಲಿ ದುಡ್ಡು ಹೋಗಿದ್ದು ಕಾಣುತ್ತೆ, ಯಾಕೆ ಹೋಯಿತು ಅನ್ನುವುದು ಕಾಣಲ್ಲ. ಸಾಲ ಅಂತ ಸಾಬೀತು ಮಾಡುವ ಹೊಣೆ ನನ್ನ ಮೇಲೆ ಬಿತ್ತು.

ಕೊನೆಗೆ ಕೈಹಿಡಿದದ್ದು ಒಂದು ಹಳೆಯ ವಾಟ್ಸಾಪ್ ಮೆಸೇಜು. "ಅಕ್ಕ, ಈ ಸಲ ಕೊಬ್ಬರಿ ಮಾರಿದ ತಕ್ಷಣ ನಿನ್ನ ಸಾಲ ತೀರಿಸ್ತೀನಿ, ಬೇಜಾರು ಮಾಡ್ಕೋಬೇಡ." ಅದರ ಮೇಲೆ ಅವನ ಮಗಳ ಹುಟ್ಟುಹಬ್ಬದ ಫೋಟೋ ಇತ್ತು. ಮಧ್ಯೆ ಏನನ್ನೂ ಅಳಿಸಬೇಡಿ ಅಂದರು ವಕೀಲರು. ಹಾಗಾಗಿ ಆ ಮಗುವಿನ ಫೋಟೋ ಸಮೇತ ಪ್ರಿಂಟ್ ತೆಗೆಸಿ, ಕಾನೂನು ಕೇಳುವ ಪ್ರಮಾಣಪತ್ರ ಸೇರಿಸಿ, ಕೋರ್ಟಿಗೆ ಕೊಟ್ಟೆವು.

ಬರೆಸಿಕೊಳ್ಳುವ ಧೈರ್ಯ ಇರುವವರಿಗೆ ಒಂದು ಮಾತು. ಪ್ರೋನೋಟಿಗೆ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಬರುವಂತೆ ಸಹಿ ಹಾಕಿಸಿ. ಸ್ಟಾಂಪ್ ಇಲ್ಲದ ನೋಟನ್ನು ಕೋರ್ಟು ಸಾಕ್ಷಿಯಾಗಿ ತಗೊಳ್ಳಲ್ಲ.

ಗೌರಿ ಹಬ್ಬಕ್ಕೆ ಒಂದು ವರ್ಷವೂ ಬಾಗಿನ ತಪ್ಪಿಸದವನು ದಾವೆ ಹಾಕಿದ ವರ್ಷ ಬರಲಿಲ್ಲ. ಕೇಸನ್ನು ಲೋಕ ಅದಾಲತ್‌ಗೆ ಹಾಕಿಸಿ ಅಂತ ನಾನೇ ಕೇಳಿಕೊಂಡಿದ್ದೇನೆ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀಸು ವಾಪಸ್ ಬರುತ್ತೆ. ಅಪೀಲು ಅಂತ ಮತ್ತೆ ಅಲೆಯುವುದೂ ಇಲ್ಲ.

ಹೋದ ವಾಯಿದೆಯ ದಿನ ಕೋರ್ಟಿನ ಮೆಟ್ಟಿಲ ಹತ್ತಿರ ಎದುರಾದ. ತುಂಬಾ ಇಳಿದುಹೋಗಿದ್ದ.

"ಬಡ್ಡಿ ಬೇಡ ಕಣೋ. ಕಂತಿನಲ್ಲಿ ಕೊಡು, ಸಾಕು" ಅಂದೆ.

"ವಕೀಲರನ್ನ ಕೇಳಿ ಹೇಳ್ತೀನಿ ಅಕ್ಕ" ಅಂದ.